ಅರಳುಮರಳು ಎನ್ನುವ ಮೊದಲು

'ಅರವತ್ತಕ್ಕೆ ಅರಳುಮರಳು' ಎಂಬ ಮಾತು ಕೇಳದ ಕನ್ನಡದ ಮನೆ ಇರಲಾರದು. ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ತಾತ, ಒಂದೇ ಕಥೆಯನ್ನು ಮೂರು ಸಲ ಹೇಳುವ ದೊಡ್ಡಪ್ಪ, ಒಲೆಯ ಮೇಲೆ ಹಾಲಿಟ್ಟು ಮರೆಯುವ ಅತ್ತೆ, ಎಲ್ಲರಿಗೂ ಈ ಒಂದೇ ಮಾತು ಸಾಕಾಗುತ್ತದೆ. ಬೇಂದ್ರೆಯವರು ತಮ್ಮ ಅರವತ್ತರ ಹೊತ್ತಿನಲ್ಲಿ ಬಂದ ಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಹಾಗೆ ಇಟ್ಟ ಕೂಡಲೇ ಆ ಮಾತಿನೊಳಗಿದ್ದ ಇನ್ನೊಂದು ಅರ್ಥ, ಮರಳಿ ಅರಳುವುದು ಎಂಬುದು, ಹೊರಗೆ ಬಂತು. ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಪುಸ್ತಕದಲ್ಲಿ ಗೆದ್ದ ಅರ್ಥ ಮನೆಗಳಲ್ಲಿ ಗೆಲ್ಲಲಿಲ್ಲ. ಮನೆಯಲ್ಲಿ ಆ ಮಾತಿಗೆ ಇವತ್ತಿಗೂ ಇರುವುದು ಒಂದೇ ಕೆಲಸ. ಯಾರೂ ಮುಂದಿನ ಪ್ರಶ್ನೆ ಕೇಳದಂತೆ ಮಾಡುವುದು.

ನಾನು ಕನ್ನಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ತಿಪಟೂರು ಸೀಮೆಯ ತೆಂಗಿನ ಬೇಸಾಯದ ವೃತ್ತಿಪದಗಳು ನನ್ನ ವಿಷಯ. ಪುಸ್ತಕದಲ್ಲಿ ಇಲ್ಲದ ಪದಗಳನ್ನು ಹುಡುಕಿಕೊಂಡು ಹಳ್ಳಿಗಳಿಗೆ ಹೋಗುತ್ತೇನೆ, ಎಪ್ಪತ್ತು ದಾಟಿದವರ ಎದುರು ಕೂತು ರೆಕಾರ್ಡರ್ ಒತ್ತುತ್ತೇನೆ. ಅವರ ನೆನಪೇ ನನ್ನ ಗ್ರಂಥಾಲಯ. ಮುದುಕರ ಮರೆವನ್ನು ನಾನು 'ಸಹಜ' ಎಂದು ಪಕ್ಕಕ್ಕಿಡುವ ಹಾಗಿಲ್ಲ. ಒಬ್ಬರು ಒಂದು ಪದ ಮರೆತರೆ ನನ್ನ ಪ್ರಬಂಧದಲ್ಲಿ ಒಂದು ಸಾಲು ಖಾಲಿ ಉಳಿಯುತ್ತದೆ.

ನನ್ನ ಮೊದಲ ವಕ್ತೃ ನಮ್ಮ ಅಜ್ಜಿಯೇ, ಅಪ್ಪನ ತಾಯಿ. ಈಗ ಎಪ್ಪತ್ನಾಲ್ಕು. ಕಾಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಹರವಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಇಡಿಯ ಗುಂಡು ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಅದಕ್ಕೆ 'ಗಿಟುಕು' ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವರು ಅವರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ಇದಕ್ಕೆ ಇನ್ನೊಂದು ತಿಂಗಳು ಬೇಕು ಎಂದರೆ ಅದು ಬೇಕೇ ಬೇಕು.

ಎರಡು ವರ್ಷದ ಹಿಂದೆ ಅವರಲ್ಲಿ ಒಂದೊಂದಾಗಿ ಕೆಲವು ಬದಲಾವಣೆಗಳು ಕಂಡವು. ಮೊದಲನೆಯದು ಊಟದ ತಕರಾರು. ಸಾರು ಖಾರ, ಚಟ್ನಿ ಖಾರ, ಕೊನೆಗೆ ಉಪ್ಸಾರಿನ ನೀರೂ ಖಾರ. ಆಮೇಲೆ ಚಪ್ಪಲಿ. ಹೊಲದ ದಾರಿಯಲ್ಲಿ ಒಂದು ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿದಿರುತ್ತಿತ್ತು, ಅವರು ಬರಿಗಾಲಲ್ಲೇ ಮನೆ ಸೇರಿರುತ್ತಿದ್ದರು. ಮೂರನೆಯದು ಬಚ್ಚಲುಮನೆ. ಮುಖಕ್ಕೆ ಸೋಪು ಹಚ್ಚಿಕೊಂಡಾಗ ಎರಡು ಸಲ ವಾಲಿ ಗೋಡೆಗೆ ಬಿದ್ದರು. ನಾಲ್ಕನೆಯದು ಸಿಟ್ಟು ಮತ್ತು ಸಂಶಯ. ಟ್ರಂಕಿನಲ್ಲಿಟ್ಟ ದುಡ್ಡನ್ನು ಯಾರೋ ಎಣಿಸುತ್ತಿದ್ದಾರೆ ಎಂಬ ಗುಮಾನಿ. ಐದನೆಯದು ಪದಗಳು. "ಅದೇ ಕಣೆ, ಒಳಗೆ ಗಡಗಡ ಅಂತದಲ್ಲ, ಅದು…" ಎಂದು ಕೈಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಪದ ಬರಲಿಲ್ಲ.

ಐದಕ್ಕೂ ಮನೆಯಲ್ಲಿ ಒಂದೊಂದು ವಿವರಣೆ ತಯಾರಿತ್ತು. ಸಾರಿನ ಮಾತಿಗೆ ಅತ್ತೆ-ಸೊಸೆ ಜಗಳ. ಚಪ್ಪಲಿಗೆ ಸಕ್ಕರೆ ಕಾಯಿಲೆ. ಬಚ್ಚಲಿಗೆ ಪಾಚಿ. ಸಂಶಯಕ್ಕೆ ಸ್ವಭಾವ, ಮೊದಲಿಂದಲೂ ಹಾಗೇ ಅಲ್ಲವೇ ಎಂದು. ಮರೆವಿಗೆ ಅರಳುಮರಳು. ಪ್ರತಿ ವಿವರಣೆಯೂ ಅದರದರ ಮಟ್ಟಿಗೆ ಸರಿಯಾಗಿ ಕೂರುತ್ತಿತ್ತು. ಹಾಗಾಗಿ ಐದನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಪೋಣಿಸಿದವರು ಒಬ್ಬ ಎಳೆಯ ಡಾಕ್ಟರು. ಮಂಡಿ ನೋವಿಗೆಂದು ಕರೆದುಕೊಂಡು ಹೋಗಿದ್ದೆವು. ಅವರು ಮಂಡಿ ನೋಡಿ, ನಾಲಿಗೆ ಚಾಚಿ ಅಂದರು. ನಾಲಿಗೆ ಕೆಂಪಗೆ, ಹೊಳೆಯುವಷ್ಟು ನುಣ್ಣಗಿತ್ತು. ಆಮೇಲೆ ಮೇಜಿನ ಡ್ರಾಯರಿನಿಂದ ಶ್ರುತಿಕವೆ ತೆಗೆದರು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ನಾವೆಲ್ಲ ಮೇಜಿಗೆ ತಟ್ಟಿ ಕಿವಿಗಿಟ್ಟುಕೊಂಡಿದ್ದೆವಲ್ಲ, ಅಂಥದ್ದೇ. ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ಅದನ್ನು ತಟ್ಟಿ ಬುಡವನ್ನು ಅಜ್ಜಿಯ ಕಾಲಿನ ಹೆಬ್ಬೆರಳ ಗೆಣ್ಣಿಗೆ ಒತ್ತಿದರು.

"ಜುಂ ಅಂತ ಇದೆಯಾ ಅಜ್ಜಿ?"

"ತಣ್ಣಗೈತೆ ಕಣಪ್ಪ."

"ತಣ್ಣಗಿರಲಿ, ನಡುಗ್ತಾ ಇದೆಯಾ?"

"ಕಬ್ಬಿಣ ಯಾಕೆ ನಡುಗ್ತದೆ?"

ಅದೇ ಕವೆಯನ್ನು ಮಣಿಕಟ್ಟಿಗೆ ಇಟ್ಟಾಗ ಅಜ್ಜಿ ಬೆಚ್ಚಿ ಕೈ ಎಳೆದುಕೊಂಡರು. ಕೊನೆಗೆ ಎರಡೂ ಪಾದ ಜೋಡಿಸಿ ನಿಲ್ಲಲು ಹೇಳಿದರು. ನಿಂತರು. ಕಣ್ಣು ಮುಚ್ಚಿ ಅಂದ ಕೂಡಲೇ ತೂಗಾಡತೊಡಗಿದರು. ಡಾಕ್ಟರು ಮೊದಲೇ ಎರಡೂ ಕೈ ಚಾಚಿಕೊಂಡು ಹಿಂದೆ ನಿಂತಿದ್ದರು.

ಕಾಲು ಎಲ್ಲಿದೆ, ನೆಲ ಎಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರಗಳು ಬೆನ್ನುಹುರಿಯ ಹಿಂಭಾಗದಲ್ಲಿ ಕಂಬದಂತೆ ಮೇಲಕ್ಕೆ ಹೋಗುತ್ತವೆ. ಕಂಪನದ ಸುದ್ದಿಯದೂ ಅದೇ ದಾರಿ. ತಣ್ಣಗಿದೆ, ಬಿಸಿಯಿದೆ ಎಂಬ ಸುದ್ದಿಯ ದಾರಿ ಬೇರೆ. ಅಜ್ಜಿಗೆ ತಣ್ಣಗಿರುವುದು ಗೊತ್ತಾಗಿ ನಡುಕ ಗೊತ್ತಾಗಲಿಲ್ಲ ಎಂದರೆ ಒಂದು ದಾರಿ ತೆರೆದಿದೆ, ಇನ್ನೊಂದು ಮುಚ್ಚುತ್ತಿದೆ ಎಂದರ್ಥ. ಕಾಲಿನಿಂದ ಸುದ್ದಿ ಬಾರದಾಗ ಕಣ್ಣು ಆ ಕೆಲಸ ವಹಿಸಿಕೊಳ್ಳುತ್ತದೆ. ಅಜ್ಜಿ ಇಷ್ಟು ದಿನ ನಡೆಯುತ್ತಿದ್ದದ್ದು ಕಣ್ಣಿನಿಂದ. ಕಣ್ಣಿಗೆ ಸೋಪಿನ ನೊರೆ ಬಂದ ಗಳಿಗೆ ಅವರಿಗೆ ಕಾಲಿರಲಿಲ್ಲ.

ಯಾವ್ಯಾವ ಮಾತ್ರೆ ತಗೋತಾರೆ ಎಂದು ಕೇಳಿದರು. ಅಮ್ಮ ಡಬ್ಬಿ ತೆಗೆದಿಟ್ಟರು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹನ್ನೊಂದು ವರ್ಷದಿಂದ. ಗ್ಯಾಸಿಗೆ ಪ್ಯಾಂಟೊಪ್ರಜೋಲ್, ನಾಲ್ಕು ವರ್ಷದಿಂದ. ಜೊತೆಗೆ 'ರಕ್ತ ಕಮ್ಮಿ' ಎಂದು ಒಂದು ಟಾನಿಕ್ಕು. ಊಟ? ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಲು? ಟೀಗೆ. ರಕ್ತಪರೀಕ್ಷೆ ಬರೆದುಕೊಟ್ಟರು. ಮಾರನೆಯ ದಿನ ವರದಿ ಬಂತು. ವಿಟಮಿನ್ ಬಿ12, ಒಂದು ಮಿಲಿಲೀಟರಿಗೆ 118 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ.

"ಯಾವ ಸೊಪ್ಪಲ್ಲಿ ಸಿಗುತ್ತೆ ಸಾರ್? ನಮ್ಮನೇಲಿ ವಾರಕ್ಕೆ ಐದು ದಿನ ಸೊಪ್ಪೇ" ಎಂದು ಅಮ್ಮ ಕೇಳಿದರು.

"ಯಾವ ಸೊಪ್ಪಲ್ಲೂ ಇಲ್ಲಮ್ಮ" ಅಂದರು ಡಾಕ್ಟರು.

ಈ ಉತ್ತರ ನನ್ನನ್ನು ವಾರಗಟ್ಟಲೆ ಗ್ರಂಥಾಲಯದ ಇನ್ನೊಂದು ಮೂಲೆಗೆ ಕಳಿಸಿತು. ಬಿ12 ಅನ್ನು ಯಾವ ಗಿಡವೂ ಮಾಡುವುದಿಲ್ಲ, ಯಾವ ಪ್ರಾಣಿಯೂ ಮಾಡುವುದಿಲ್ಲ. ಅದನ್ನು ಮಾಡಬಲ್ಲವು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಹಸು ಮೇಯುವ ಹುಲ್ಲಿನ ಜೊತೆ ಮಣ್ಣಿನ ಕೋಬಾಲ್ಟ್ ಒಂದಿಷ್ಟು ಹೊಟ್ಟೆ ಸೇರುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಬಿ12 ಕಟ್ಟುತ್ತವೆ, ಅದು ಹಸುವಿನ ರಕ್ತಕ್ಕೆ, ಮಾಂಸಕ್ಕೆ, ಹಾಲಿಗೆ ಬರುತ್ತದೆ. ಮನುಷ್ಯನ ದೊಡ್ಡ ಕರುಳಿನಲ್ಲೂ ಅದನ್ನು ಮಾಡುವ ಬ್ಯಾಕ್ಟೀರಿಯಾ ಇವೆ. ಆದರೆ ನಮ್ಮ ದೇಹ ಬಿ12 ಹೀರುವ ಜಾಗ ಸಣ್ಣ ಕರುಳಿನ ಕೊನೆ, ಅಂದರೆ ಅದಕ್ಕಿಂತ ಮೇಲೆ. ಕಾಲುವೆಯ ಮೇಲಿನ ಹೊಲಕ್ಕೆ ಕೆಳಗೆ ಹರಿದುಹೋದ ನೀರು ಸಿಗುವುದಿಲ್ಲವಲ್ಲ, ಹಾಗೆ.

ನಮಗೆ ಬೇಕಾಗಿರುವುದಾದರೂ ಎಷ್ಟು? ಐಸಿಎಂಆರ್‌ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ. ಒಂದು ಗ್ರಾಂ ಉಪ್ಪನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನ ತೂಕ. ಕಾಲು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುತ್ತದೆ. ಅದಕ್ಕೇ ಈ ಕೊರತೆ ನಿನ್ನೆ ಇವತ್ತಿನದಾಗಿರುವುದಿಲ್ಲ. ದಾಸ್ತಾನು ನಿಧಾನ ಕರಗಿ ಮೂರು ನಾಲ್ಕು ವರ್ಷದ ಮೇಲೆ ಕಾಲಿನ ಜೋಮಾಗಿ, ಮಾತಿನ ತಡವರಿಕೆಯಾಗಿ ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಮನುಷ್ಯನಿಗೆ ಅಷ್ಟು ವಯಸ್ಸೂ ಆಗಿರುತ್ತದೆ. ತಪ್ಪನ್ನು ವಯಸ್ಸಿನ ಮೇಲೆ ಹಾಕುವುದು ಸುಲಭವಾಗುತ್ತದೆ.

ವಯಸ್ಸಿಗೂ ಇದಕ್ಕೂ ನಂಟಿಲ್ಲವೆಂದಲ್ಲ. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಅದನ್ನು ಬಿಡಿಸಬೇಕು. ಹೊಟ್ಟೆಯ ಗೋಡೆಯೇ ಸ್ರವಿಸುವ ಇನ್ನೊಂದು ಪ್ರೋಟೀನು ಅದರ ಕೈಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ಕರೆದೊಯ್ಯಬೇಕು. ಮುಪ್ಪಿನಲ್ಲಿ ಹಲವರ ಹೊಟ್ಟೆಯ ಒಳಪದರ ಸವೆದು ಆಮ್ಲ ಕಡಿಮೆಯಾಗಿರುತ್ತದೆ. ಗ್ಯಾಸಿನ ಮಾತ್ರೆ ಇದ್ದಬದ್ದ ಆಮ್ಲವನ್ನೂ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಕರುಳಿನ ಹೀರಿಕೆಯನ್ನೇ ಕುಗ್ಗಿಸುತ್ತದೆ, ಇದು 1970ರ ದಶಕದಿಂದ ಗೊತ್ತಿರುವ ಸಂಗತಿ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ, ಅದನ್ನು ಹೆದರಿ ನಿಲ್ಲಿಸಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ನುಂಗುವವರಿಗೆ ಆಗೀಗ ಬಿ12 ಪರೀಕ್ಷೆ ಬೇಕು. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 1998ರಲ್ಲೇ ಐವತ್ತು ದಾಟಿದವರು ತಮ್ಮ ಬಿ12ನ ಬಹುಪಾಲನ್ನು ಮಾತ್ರೆಯಿಂದಲೋ ವಿಟಮಿನ್ ಬೆರೆಸಿದ ಆಹಾರದಿಂದಲೋ ಪಡೆಯಲಿ ಎಂದು ಹೇಳಿತ್ತು. ಮಾತ್ರೆಯ ಬಿ12 ಯಾವ ಪ್ರೋಟೀನಿಗೂ ಅಂಟಿಕೊಂಡಿರುವುದಿಲ್ಲ, ಬಿಡಿಸಲು ಆಮ್ಲ ಬೇಕಿಲ್ಲ.

ಹಾಲಿನ ವಿಷಯ ಇನ್ನೂ ಹತ್ತಿರದ್ದು. ನಮ್ಮ ಮನೆಯಲ್ಲಿ ಎರಡು ಹಸುಗಳಿವೆ. ಬೆಳಿಗ್ಗೆ ಆರೂವರೆಗೆ, ಸಂಜೆ ಆರಕ್ಕೆ ಹಾಲಿನ ಕ್ಯಾನು ಡೇರಿಗೆ ಹೋಗುತ್ತದೆ. ಊರಿನ ಎಷ್ಟೋ ಮನೆಗಳಲ್ಲಿ ಸ್ಕೂಲ್ ಫೀಸಿನಿಂದ ಹಿಡಿದು ಹಿಂಡಿಯ ಮೂಟೆಯವರೆಗೆ ನಡೆಯುವುದು ಆ ಹಣದಲ್ಲೇ. ಮನೆಗೆ ಉಳಿಯುವುದು ಟೀಗೆ ಬೇಕಾದಷ್ಟು. ಅದರಲ್ಲೂ ಮಕ್ಕಳಿಗೊಂದು ಲೋಟ ಎತ್ತಿಟ್ಟ ಮೇಲೆ ಮುದುಕರ ಸರದಿ. "ನಂಗ್ಯಾಕೆ ಹಾಲು, ನಾನೇನು ಎಳೇ ಮಗೂನಾ" ಎನ್ನುವುದು ಅಜ್ಜಿಯ ಹಳೆಯ ಮಾತು. ಎಲ್ಲರೂ ಉಂಡ ಮೇಲೆ ಉಣ್ಣುವುದು, ತನ್ನ ಪಾಲಿನದನ್ನು ಬೇರೆಯವರಿಗೆ ಬಿಡುವುದು, ಇದನ್ನು ನಾವು ಹೆಂಗಸರ ದೊಡ್ಡ ಗುಣವೆಂದು ಹೊಗಳುತ್ತ ಬಂದಿದ್ದೇವೆ. ಆ ಗುಣದ ಲೆಕ್ಕವೂ ರಕ್ತಪರೀಕ್ಷೆಯಲ್ಲಿ ಬರುತ್ತದೆ. ಮಾಂಸ ತಿನ್ನುವ ಮನೆಗಳು ಇದರಿಂದ ಪೂರ್ತಿ ಪಾರು ಎಂದೂ ತಿಳಿಯಬಾರದು. ತಿಂಗಳಿಗೊಮ್ಮೆ ಹಬ್ಬಕ್ಕೆ ಬಾಡೂಟ ಮಾಡಿ ಮಿಕ್ಕ ದಿನ ಮುದ್ದೆ-ಸಾರಿನಲ್ಲೇ ಕಳೆಯುವವರಿಗೂ, ಹೊಟ್ಟೆ ಹೀರದ ಮುದುಕರಿಗೂ ಕತೆ ಹೆಚ್ಚು ಬೇರೆಯಲ್ಲ.

ಅಜ್ಜಿಯ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಾಲು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. 'ರಕ್ತ ಪರವಾಗಿಲ್ಲ' ಎಂದು ಎಲ್ಲರೂ ನೆಮ್ಮದಿಯಾಗಿದ್ದದ್ದು ಅದನ್ನು ನೋಡಿಯೇ. ಇದರ ಹಿಂದಿನ ಕತೆ ಬೊಂಬಾಯಿಯಿಂದ ಶುರುವಾಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿಗೆ ಬಂದು ಬಟ್ಟೆ ಗಿರಣಿ ಕೆಲಸಗಾರರ ಮನೆಗಳ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರದಿಂದ ಅದು ವಾಸಿಯಾಗುತ್ತದೆ ಎಂದು 1931ರಲ್ಲಿ ಬರೆದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆ್ಯಸಿಡ್ ಆಯಿತು. ಫೋಲಿಕ್ ಆ್ಯಸಿಡ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಬಿ12 ಕೊರತೆಯಿಂದ ಬಂದ ರಕ್ತಹೀನತೆಯೂ ಸರಿಹೋಗುತ್ತದೆ. ಆದರೆ ನರಗಳ ಹಾನಿ ಸರಿಹೋಗುವುದಿಲ್ಲ, ಒಳಗೊಳಗೇ ಮುಂದುವರಿಯುತ್ತದೆ. ಅಜ್ಜಿಯ ಟಾನಿಕ್ಕಿನ ಬಾಟಲಿಯ ಮೇಲೆ ಕಬ್ಬಿಣದ ಕೆಳಗೆ ಬರೆದಿದ್ದದ್ದು ಫೋಲಿಕ್ ಆ್ಯಸಿಡ್. ಇಂಥ ಟಾನಿಕ್ಕು ಕುಡಿಯದವರಲ್ಲೂ ರಕ್ತ ಸರಿಯಿದ್ದು ನರ, ಮನಸ್ಸು ಕೆಡುವುದುಂಟು. 1988ರಲ್ಲಿ ಅಮೆರಿಕದ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಗೆ ಒಳಗಾದ 141 ಜನರ ವಿವರ ಪ್ರಕಟಿಸಿದರು. ಅವರಲ್ಲಿ 40 ಜನಕ್ಕೆ ರಕ್ತಹೀನತೆಯೂ ಇರಲಿಲ್ಲ, ರಕ್ತಕಣಗಳು ಊದಿಕೊಂಡಿರಲೂ ಇಲ್ಲ.

ನರದ ಮಾತಾಯಿತು, ರಕ್ತನಾಳದ್ದು ಇನ್ನೊಂದು ದಾರಿ. ನಾವು ತಿನ್ನುವ ಪ್ರೋಟೀನಿನಿಂದ ದೇಹದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹುಟ್ಟುತ್ತಲೇ ಇರುತ್ತದೆ. ಬಿ12 ಮತ್ತು ಫೋಲೇಟ್ ಸೇರಿ ಅದನ್ನು ಮತ್ತೆ ಉಪಯೋಗದ ವಸ್ತುವಾಗಿ ಮಾರ್ಪಡಿಸುತ್ತವೆ. ಬಿ12 ಇಲ್ಲದಿದ್ದರೆ ಅದು ರಕ್ತದಲ್ಲಿ ಶೇಖರವಾಗುತ್ತದೆ. 1969ರಲ್ಲಿ ಕಿಲ್ಮರ್ ಮೆಕಲ್ಲಿ ಎಂಬ ಅಮೆರಿಕದ ರೋಗಶಾಸ್ತ್ರಜ್ಞ ಸತ್ತ ಇಬ್ಬರು ಮಕ್ಕಳ ರಕ್ತನಾಳಗಳನ್ನು ಪರೀಕ್ಷಿಸಿದರು. ಇಬ್ಬರಿಗೂ ಹುಟ್ಟಿನಿಂದ ಬಂದ ದೋಷವಿತ್ತು, ಆದರೆ ದೋಷಗಳು ಬೇರೆ ಬೇರೆ. ಒಂದು ಬಿ12ಗೇ ಸಂಬಂಧಿಸಿದ್ದು. ಸಮಾನವಾಗಿದ್ದದ್ದು ಎರಡೇ: ಹೆಚ್ಚಿದ ಹೋಮೋಸಿಸ್ಟೀನ್ ಮತ್ತು ಮುದುಕರಂತೆ ಗಡುಸಾದ ರಕ್ತನಾಳ. ಹಾಗಾದರೆ ಹೋಮೋಸಿಸ್ಟೀನೇ ನಾಳವನ್ನು ಕೆಡಿಸುತ್ತಿರಬೇಕು ಎಂದು ಅವರು ಊಹಿಸಿದರು.

ಮುಂದೆ 2002ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 1092 ಹಿರಿಯರನ್ನು ಸುಮಾರು ಎಂಟು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಲೇಖಕರಲ್ಲಿ ಮೊದಲ ಹೆಸರು ಭಾರತದಲ್ಲಿ ವೈದ್ಯಕೀಯ ಓದಿದ ಸುಧಾ ಶೇಷಾದ್ರಿಯವರದು. ರಕ್ತದ ಹೋಮೋಸಿಸ್ಟೀನ್ ಲೀಟರಿಗೆ 14 ಮೈಕ್ರೋಮೋಲ್ ಮೀರಿದ್ದವರಲ್ಲಿ ಆಲ್ಜೈಮರ್ ಕಾಯಿಲೆಯ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ನಮ್ಮ ನೆರೆಯ ಪುಣೆಯಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 441 ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಹೇಳಿದ ಲೆಕ್ಕ ಇದು: ಶೇಕಡಾ 67 ಜನರಲ್ಲಿ ಬಿ12 ಕಡಿಮೆ, ಶೇಕಡಾ 58 ಜನರಲ್ಲಿ ಹೋಮೋಸಿಸ್ಟೀನ್ ಹೆಚ್ಚು. ಅವರು ಮುದುಕರೂ ಅಲ್ಲ, ನಡುವಯಸ್ಸಿನವರು. ಅತಿ ಹೆಚ್ಚಿನ ಕೊರತೆ ಕಂಡದ್ದು ಕೊಳೆಗೇರಿಯಲ್ಲಲ್ಲ, ನಗರದ ಮಧ್ಯಮವರ್ಗದಲ್ಲಿ.

ಇಲ್ಲಿಗೆ ಬಂದಾಗ ಕತೆ ಸುಖಾಂತ್ಯದ ಕಡೆ ಹೊರಟಿತು ಎನಿಸುತ್ತದೆ. ವಿಟಮಿನ್ ಕೊಡು, ಹೋಮೋಸಿಸ್ಟೀನ್ ಇಳಿಸು, ಮೆದುಳು ಉಳಿಸು. ವಾಟ್ಸಾಪಿನಲ್ಲಿ ತಿರುಗುವ ಆರೋಗ್ಯ ಸಲಹೆಗಳು ನಿಲ್ಲುವುದೂ ಇಲ್ಲೇ. ಆದರೆ ವಿಜ್ಞಾನ ಇಲ್ಲಿ ನಿಲ್ಲಲಿಲ್ಲ, ಪರೀಕ್ಷೆ ಮಾಡಿ ನೋಡಿತು. 2006ರಲ್ಲಿ ಪ್ರಕಟವಾದ ಹೋಪ್-2 ಪ್ರಯೋಗದಲ್ಲಿ ಹೃದಯ, ರಕ್ತನಾಳದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆಯಿದ್ದ, 55 ದಾಟಿದ 5522 ಜನರಿದ್ದರು. ಅರ್ಧ ಜನಕ್ಕೆ ಬಿ ವಿಟಮಿನ್‌ಗಳ ಮಾತ್ರೆ ಸಿಕ್ಕಿತು. ಹೋಮೋಸಿಸ್ಟೀನ್ ಇಳಿಯಿತು. ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಯಿತು. ಆದರೆ ಹೃದಯಾಘಾತ ಕಡಿಮೆಯಾಗಲಿಲ್ಲ, ಒಟ್ಟು ಲೆಕ್ಕದಲ್ಲಿ ಗೆಲುವೆಂದು ಹೇಳುವಂಥದ್ದು ಸಿಗಲಿಲ್ಲ. ಪಾರ್ಶ್ವವಾಯು ಆಗಿದ್ದ 8164 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವೂ ಸ್ಪಷ್ಟ ಲಾಭ ತೋರಿಸಲಿಲ್ಲ. ಅದೇ ವರ್ಷ ಆಕ್ಸ್‌ಫರ್ಡಿನ ಡೇವಿಡ್ ಸ್ಮಿತ್ ತಂಡ ಬೇರೆಯದೇ ಫಲಿತಾಂಶ ಹೇಳಿತು. ಎಪ್ಪತ್ತು ದಾಟಿದ, ಮರೆವು ಆಗಷ್ಟೇ ಕಾಣಿಸಿಕೊಂಡಿದ್ದವರಿಗೆ ಎರಡು ವರ್ಷ ಬಿ ವಿಟಮಿನ್ ಕೊಟ್ಟಾಗ ಮೆದುಳು ಕುಗ್ಗುವ ವೇಗ ವರ್ಷಕ್ಕೆ ಶೇಕಡಾ 1.08ರ ಬದಲು 0.76 ಆಗಿತ್ತು. ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲೇ ಈ ಲಾಭ ಹೆಚ್ಚು.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಅರ್ಥವಾದದ್ದು ಇಷ್ಟು. ಕೊರತೆ ಇರುವವರಿಗೆ ಅದನ್ನು ತುಂಬುವುದು ಚಿಕಿತ್ಸೆ. ಕೊರತೆ ಇಲ್ಲದವರಿಗೆ ಅದೇ ಮಾತ್ರೆ ಸಂಜೀವಿನಿಯಲ್ಲ. ಎರಡನ್ನೂ ಬೇರ್ಪಡಿಸಲು ಇರುವ ದಾರಿ ಪರೀಕ್ಷೆ ಮಾಡಿಸುವುದು. ಮರೆವೆಲ್ಲ ಬಿ12ನದೂ ಅಲ್ಲ. ನಿಮ್ಹಾನ್ಸ್‌ನ ವೈದ್ಯರು 129 ಮರೆವಿನ ರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ಬರೆದಂತೆ, ಚಿಕಿತ್ಸೆಯಿಂದ ತಿರುಗಿಸಬಹುದಾದ ಕಾರಣಗಳು ಶೇಕಡಾ 18ರಷ್ಟು. ಬಿ12 ಕೊರತೆ ಅವುಗಳಲ್ಲಿ ಒಂದು, ಸೋಂಕು ಮತ್ತು ಮೆದುಳಿನಲ್ಲಿ ನೀರು ತುಂಬುವುದು ಇನ್ನೆರಡು. ಉಳಿದವರದು ತಿರುಗಿ ಬಾರದ ದಾರಿ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರ ಒಂದು ಅಂದಾಜು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವ ದೊಡ್ಡ ಅಧ್ಯಯನವೊಂದು ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದಿಂದ ನಡೆಯುತ್ತಿದೆ. ನಮ್ಮ ಹಳ್ಳಿಯ ಮುಪ್ಪನ್ನು ನಮ್ಮ ಹಳ್ಳಿಯಲ್ಲೇ ಅಳೆಯುವ ಕೆಲಸ ಅದು.

ಅಜ್ಜಿಗೆ ಇಂಜೆಕ್ಷನ್ ಶುರುವಾಯಿತು. ಬಿ12ನ ದ್ರವ ಕೆಂಪು. ನಮ್ಮೂರಲ್ಲಿ ಅದಕ್ಕೆ 'ಕೆಂಪು ಸೂಜಿ' ಎಂದೇ ಹೆಸರು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಮೂರನೆಯ ವಾರಕ್ಕೆ ಅಜ್ಜಿ ಅಮ್ಮನ ಸಾರಿಗೆ ತಕರಾರು ಮಾಡುವುದನ್ನು ಬಿಟ್ಟರು. ಸಾರು ಅದೇ, ಖಾರದ ಪುಡಿ ಅದೇ, ನಾಲಿಗೆಯ ಗಾಯ ಮಾತ್ರ ಮಾಯ್ದಿತ್ತು. ಅಮ್ಮನಿಗೆ ಅದು ಸಮಾಧಾನಕ್ಕಿಂತ ಸಂಕಟವನ್ನೇ ತಂದಿತು. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೇಳಿಯೇಬಿಟ್ಟರು.

"ನಾಲಿಗೆ ಉರೀತಿತ್ತು ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳ್ದೆನಲ್ಲ" ಅಂದರು ಅಜ್ಜಿ. "ಖಾರ ಅಂತ."

ಪದಗಳನ್ನು ಹುಡುಕುವುದನ್ನೇ ಕಸುಬು ಮಾಡಿಕೊಂಡ ನನಗೆ ಈ ಉತ್ತರ ದೊಡ್ಡದಾಗಿ ಕಂಡಿತು. ಅಜ್ಜಿ ತಮ್ಮ ಕಾಯಿಲೆಯನ್ನು ಮೊದಲ ದಿನದಿಂದ ಹೇಳುತ್ತಲೇ ಇದ್ದರು. ಅವರಿಗೆ ಗೊತ್ತಿದ್ದದ್ದು ಅಡುಗೆಮನೆಯ ಪದ, ಅದರಲ್ಲೇ ಹೇಳಿದರು. ಸೊಸೆಯ ಕಿವಿಗೆ ಅದು ಅತ್ತೆಯ ಮಾತಾಗಿ ಬಿತ್ತು. ಹಿರಿಯರು ಲಕ್ಷಣ ಹೇಳುವುದಿಲ್ಲ, ದೂರು ಹೇಳುತ್ತಾರೆ. ಚಪ್ಪಲಿ ಸಡಿಲ, ನೆಲ ಜಾರು, ಬೆಳಕು ಮಂದ, ಸೊಸೆ ಸರಿಯಿಲ್ಲ. ದೂರಿನೊಳಗೆ ಲಕ್ಷಣ ಇದೆಯೋ ಇಲ್ಲವೋ ಎಂಬುದು ಕೇಳುವವರ ಕಿವಿಗೆ ಬಿಟ್ಟದ್ದು.

ಎಲ್ಲವೂ ಮರಳಲಿಲ್ಲ. ಆರು ತಿಂಗಳ ಮೇಲೆ ಶ್ರುತಿಕವೆಯ ನಡುಕ ಹರಡಿನ ಮೂಳೆಯಲ್ಲಿ ಗೊತ್ತಾಯಿತು, ಹೆಬ್ಬೆರಳಿನಲ್ಲಿ ಇನ್ನೂ ಇಲ್ಲ. ಸಂಶಯ ಹೋಯಿತು, ಟ್ರಂಕಿಗೆ ಬೀಗ ಹಾಕುವುದೂ ನಿಂತಿತು. ಪದಗಳು ಕೆಲವು ಬಂದವು, ಕೆಲವು ಬರಲಿಲ್ಲ. ತೆಂಗಿನಕಾಯಿ ವ್ಯಾಪಾರದ ಲೆಕ್ಕ ಅಮ್ಮನ ಕೈಗೆ ಬಂದದ್ದು ಅಲ್ಲೇ ಉಳಿಯಿತು. ಎಂಆರ್‌ಐ ತೆಗೆಸಿದಾಗ ಮೆದುಳಿನ ಒಳಭಾಗದಲ್ಲಿ ಅಲ್ಲಲ್ಲಿ ಬಿಳಿಯ ಕಲೆಗಳಿದ್ದವು. ಬಹಳ ವರ್ಷದ ಬಿಪಿ, ಸಕ್ಕರೆಯಿಂದ ಕೂದಲೆಳೆಯಂಥ ರಕ್ತನಾಳಗಳು ಕೆಟ್ಟಾಗ ಹಾಗೆ ಕಾಣುತ್ತದಂತೆ. ಎಷ್ಟು ಬಿ12ನಿಂದ, ಎಷ್ಟು ಸಕ್ಕರೆಯಿಂದ, ಎಷ್ಟು ಬರೀ ವಯಸ್ಸಿನಿಂದ ಎಂದು ಕೇಳಿದೆ. "ಬೆರೆಸಿದ ಹಿಟ್ಟನ್ನ ಮತ್ತೆ ಬೇರೆ ಮಾಡಕ್ಕಾಗಲ್ಲ. ತುಂಬಬಹುದಾದ್ದನ್ನ ತುಂಬಿದ್ದೀವಿ, ಮಿಕ್ಕಿದ್ದನ್ನ ಹತೋಟೀಲಿ ಇಟ್ಕೋಬೇಕು" ಎಂದರು ಡಾಕ್ಟರು. ಇನ್ನೆರಡು ವರ್ಷ ತಡವಾಗಿದ್ದರೆ ತುಂಬಿದರೂ ಪ್ರಯೋಜನ ಕಡಿಮೆಯಿತ್ತು ಎಂಬುದನ್ನೂ ಸೇರಿಸಿದರು. ಹಾನಿಗೊಂಡ ನರ ಬಹಳ ದಿನ ಕಾಯುವುದಿಲ್ಲ.

ಈಗ ಕ್ಯಾನು ಡೇರಿಗೆ ಹೋಗುವ ಮೊದಲು ಒಂದು ಲೋಟ ಹಾಲು ಅಜ್ಜಿಯ ಹೆಸರಿಗೆ ತೆಗೆದಿಡುತ್ತಾರೆ. ಅದರಿಂದಲೇ ಎಲ್ಲವೂ ಆಗುವುದಿಲ್ಲ, ಸೂಜಿ ತಪ್ಪಿಸುವಂತಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ದಿನವೂ ಆ ಲೋಟಕ್ಕೆ ಡೇರಿಯ ದರದ ಲೆಕ್ಕ ಹಾಕಿ, ತಿಂಗಳಿಗೆ ಇಷ್ಟು ಕುಡಿದು ಹಾಳು ಮಾಡಿದೆ ಎಂದು ಗೊಣಗಿಕೊಂಡೇ ಕುಡಿಯುತ್ತಾರೆ. ಲೆಕ್ಕ ಒಂದೊಂದು ದಿನ ಸರಿಯಾಗಿರುತ್ತದೆ, ಒಂದೊಂದು ದಿನ ತಪ್ಪಿರುತ್ತದೆ.

ಕ್ಷೇತ್ರಕಾರ್ಯಕ್ಕೆ ಒಯ್ಯುವ ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಪ್ರಬಂಧಕ್ಕೆ ಸೇರದ ಒಂದು ಪಟ್ಟಿ ಬೆಳೆಯುತ್ತಿದೆ. ಮಾತಿನ ನಡುವೆ ಹಿರಿಯರು ತಮ್ಮ ಮೈ ಬಗ್ಗೆ ಹೇಳಿದ ಮಾತುಗಳು. 'ಅಂಗಾಲಿಗೆ ಹತ್ತಿ ಕಟ್ಟಿದಂಗೆ.' 'ಕತ್ತಲಾದ್ರೆ ನೆಲ ಸಿಗಲ್ಲ.' 'ಕಾಲಲ್ಲಿ ಇರುವೆ ಹರೀತಾವೆ.' 'ಬಾಯಿಗೆ ಎಲ್ಲಾ ಉರಿ.' 'ಮಾತು ಗಂಟಲಿಗೆ ಬಂದು ವಾಪಸ್ ಹೋಯ್ತದೆ.' ನಾನು ಡಾಕ್ಟರಲ್ಲ, ಇವಕ್ಕೆ ಕಾಯಿಲೆಯ ಹೆಸರು ಕೊಡುವುದಿಲ್ಲ. ಜಗುಲಿಯ ಮೇಲೆ ಕೂತ ಮನೆಯವರು "ಅವರಿಗೆ ಅರಳುಮರಳು, ಅವರನ್ನೇನು ಕೇಳ್ತೀರ" ಎಂದಾಗ ಮಾತ್ರ, ಅವರು ದಿನಾ ನುಂಗುವ ಮಾತ್ರೆಗಳ ಡಬ್ಬಿ ಒಂಚೂರು ತೋರಿಸಿ ಎನ್ನುತ್ತೇನೆ. ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳುತ್ತೇನೆ.